ಒತ್ತಾಯದ ಪಂದ್ಯದಲ್ಲಿ ನಮ್ಮ ಭಾಷೆ

ಬರ್ಲಿನ್, ಶನಿವಾರ

ಹೊನ್ನಾವರದ ದೊಡ್ಡಾಯಿಗೆ ಉದ್ದಂಡ ನಮಸ್ಕಾರ.

ಹಾಸ್ಟೆಲಿನ ಅಡುಗೆಮನೆಯಲ್ಲಿ ನಿನ್ನೆ ಭಾರೀ ವ್ಯಾಜ್ಯ. ಕುರ್ದಿಶ್ ಆಡುವ ಇಬ್ಬರಿಗೆ ಲಿಪಿಯೇ ಬೇರೆಬೇರೆ. ಹೀಬ್ರೂ ಆಡುವ ಇಬ್ಬರಿಗೆ ಲಿಪಿ ಒಂದೇ, ಗಂಟಲಿನ ಉಚ್ಚಾರ ಬೇರೆ. ಯಾರ ನುಡಿ ಅಸಲಿ? ನ್ಯಾಯಾಧೀಶನಾಗಿ ನಮ್ಮ ಪಂಕ್ತಿಯ ಕಾನೂನನ್ನೇ ಹೇರಿದೆ: ಅವರವರ ನುಡಿಯಲ್ಲಿ ಒತ್ತಾಯ ಮಾಡಿ ನನಗೆ ಬಡಿಸಬೇಕು, ಹೆಚ್ಚು ಉಣ್ಣಿಸಿದವರು ಗೆದ್ದಂತೆ. ನಾಲ್ವರದನ್ನೂ ಗಡದ್ದಾಗಿ ಉಂಡು ತೀರ್ಪು ಕಾಯ್ದಿರಿಸಿದೆ.

"ಈಗ ನಿನ್ನ ಭಾಷೆ ಬರಲಿ ಮಾರಾಯ" ಎಂದಳು ಕುರ್ದಿಶ್ ಹುಡುಗಿ ಶಿಲಾನ್.

"ಎಂತಾ ಆಗ್ತಿಲ್ಲೆ, ಇನ್ನೊಂಚೂರು ಹಾಕ್ಯಳಿ" ಎಂದು ನಾನೇ ಮಾಡಿದ ತಂಬುಳಿ ಹಿಡಿದು ಗೋಗರೆದೆ. ಒಬ್ಬರೂ ಎರಡನೇ ಸಲ ಮುಟ್ಟಲಿಲ್ಲ.

ಹೊಟ್ಟೆ ಬಿಗಿದಿದೆ, ಉಳಿದಂತೆ ಆರೋಗ್ಯ. ಮುಂದಿನ ತಿಂಗಳು ಮರುವಿಚಾರಣೆ. ಅಷ್ಟರೊಳಗೆ ನಿನ್ನ ಅಪ್ಪೆಮಿಡಿ ಉಪ್ಪಿನಕಾಯಿ ಬರದಿದ್ದರೆ ಹವ್ಯಕ ಭಾಷೆ ಠೇವಣಿ ಕಳೆದುಕೊಂಡಂತೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಶಿಶಿರ