ಮಾಮನ ಪೋಸ್ಟ್‌ನಿಂದ ಅಳಿಸಿದ ಸಾಲುಗಳು

ಪ್ರೀತಿಯ ಮಾಮಾ,

ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ ನನ್ನನ್ನು ಮೊದಲ ಸಲ ಸಿಎನ್‌ಸಿ ಮಷೀನಿನ ಮುಂದೆ ನಿಲ್ಲಿಸಿದ್ದು ನೆನಪಿದೆಯಾ? ಸಿರುಗುಪ್ಪದ ರೈಸ್ ಮಿಲ್ಲಿನ ಕೆಲಸ. ಟೂಲು ಎಲ್ಲೆಲ್ಲಿ ಓಡಬೇಕೆಂದು ಕಂಪ್ಯೂಟರಿನಲ್ಲಿ ದಾರಿ ಹಾಕಿದವಳು ನಾನು. ಆ ದಾರಿಯನ್ನು ಮಷೀನಿಗೆ ತಿಳಿಯುವ ಕೋಡ್ ಮಾಡಿಕೊಡುವ ಪೋಸ್ಟ್ ಪ್ರೊಸೆಸರ್ ನೀನು ಬರೆದದ್ದು. ಟೂಲು ಪ್ರತಿ ತೂತಿನ ಜಾಗವನ್ನೂ ದಾಟಿ ಹೋಗಿ, ತಿರುಗಿ ಬಂದು ಕೊರೆಯುತ್ತಿತ್ತು. "ಇದಕ್ಕೇನು ಅರಳು ಮರಳಾ ಮಾಮಾ?" ಎಂದು ನಕ್ಕಿದ್ದೆ.

"ನಗಬ್ಯಾಡವ್ವ, ಟೂಲನ್ನ ಸರಿಸೋ ಸ್ಕ್ರೂ ಸವದೈತಿ. ಒಮ್ಮೆ ಆ ಕಡಿಯಿಂದ, ಒಮ್ಮೆ ಈ ಕಡಿಯಿಂದ ಬಂದ್ರ ತೂತು ಸರೀತೈತಿ. ಮುದುಕರನ್ನ ಕೈ ಹಿಡದು ಒಂದ ಕಡಿಯಿಂದ ಕರಕೊಂಡು ಬರಬೇಕು" ಅಂದಿದ್ದೆ. ಅದಕ್ಕೆಂದೇ ಆ ಪೋಸ್ಟ್‌ನಲ್ಲಿ ನೀನು ಒಂದಷ್ಟು ಸಾಲು ಸೇರಿಸಿದ್ದೆ.

ನೀನು ಹೋದ ಮೇಲೆ ಮೊದಲ ಸಲ ಶೆಡ್ಡಿನ ಬೀಗ ತೆಗೆದಾಗ ಮೊದಲು ಮಷೀನಿನ ಧೂಳು ಒರೆಸಿದೆ. ಒಬ್ಬಳೇ ನಡೆಸುತ್ತೇನೆಂದು ಅತ್ತೆಯ ಮುಂದೆ ಬಡಾಯಿ ಕೊಚ್ಚಿದ್ದೆ. ಆಗಲಿಲ್ಲ. ಮಷೀನು ಕುರುಗೋಡಿಗೆ ಹೋಯಿತು. ಒಂದೇ ಸಮಾಧಾನವೆಂದರೆ ನಿನ್ನ ಪೋಸ್ಟ್ ಕೂಡ ಜತೆಗೇ ಹೋಗಿತ್ತು. ಅಲ್ಲಿಯೂ ಒಂದೊಂದು ತೂತಿಗೂ ನೀನೇ ಕೈ ಹಿಡಿದು... ಇಷ್ಟಾದರೂ ನಿನ್ನದು ಉಳಿಯಲಿ ಅಂತ ಆಸೆಪಟ್ಟಿದ್ದು ತಪ್ಪಾ?

ಮೊನ್ನೆ ಮಷೀನು ಕೊಂಡ ವೀರೇಶಪ್ಪನವರ ಫೋನ್ ಬಂತು. "ಹೊಸ ಸ್ಕ್ರೂ ಹಾಕ್ಸೀವ್ರಿ ಅಕ್ಕಾರ. ಆದ್ರೂ ದಾಟಿ ಹೋಗಿ ವಾಪಸ್ ಬರ್ತೈತಿ, ಸುಮ್ನ ಹೊತ್ತು ಹಾಳು. ಬಂದು ಅದನ್ನ ತಗದು ಕೊಡ್ರಿ." ಬೇರೆ ಯಾರ ಕೈಲಾದರೂ ಮಾಡಿಸಿಕೊಳ್ಳಲಿ ಎಂದು ಹಟ ಹಿಡಿದೆ. ಅತ್ತೆ ಬಿಡಬೇಕಲ್ಲ!

"ನಿಮ್ಮ ಮಾಮ ಇದ್ದಿದ್ರ ತಾನ ಹೋಗಿ ತಗೀತಿದ್ದ. ಹೋಗಿ ಬಾರವ್ವ."

ಕುರುಗೋಡಿನಲ್ಲಿ ಮೊದಲು ಮಷೀನಿನ ಸುತ್ತ ನಡೆದು ನೋಡಿದೆ. ಹೊಸ ಬಣ್ಣ ಬಳಿದಿದ್ದಾರೆ. ಪೋಸ್ಟ್ ತೆರೆದು ಆ ಸಾಲುಗಳನ್ನು ಅಳಿಸಿದೆ. ನೀನು ವರ್ಷಗಟ್ಟಲೆ ತಿದ್ದಿ ತೀಡಿದ್ದು ಅಳಿಸಲು ಎಷ್ಟು ಹೊತ್ತು ಬೇಕು ಹೇಳು? ಹೊಸ ಕೋಡ್ ತೆಗೆದು ಓಡಿಸಿದೆವು. ಟೂಲು ದಾಟಲಿಲ್ಲ, ತಿರುಗಲಿಲ್ಲ, ನೆಟ್ಟಗೆ ಹೋಗಿ ಕೊರೆಯಿತು. ತೂತುಗಳನ್ನು ನಾನೇ ಕೂತು ಅಳೆದೆ. ಒಂದಾದರೂ ತಪ್ಪಿರಲಿ, ಕೂದಲೆಳೆಯಷ್ಟಾದರೂ ಸರಿದಿರಲಿ, ವೀರೇಶಪ್ಪನವರು "ಆ ಸಾಲು ವಾಪಸ್ ಹಾಕ್ರಿ" ಅನ್ನಲಿ ಎಂದು ಒಳಗೊಳಗೇ ಬೇಡಿಕೊಂಡೆ.

ಎಲ್ಲಾ ಸರಿಯಾಗಿಯೇ ಬಂದಿವೆ, ಮಾಮಾ.

ನಿನ್ನ
ಸುಜಿ