ಈ ಗಾಡಿಯ ಸದ್ದು ನಿನಗೆ ಕಳಿಸಲಿಲ್ಲ

ವೆಲ್ಡಿಂಗ್ ಷೆಡ್ಡು,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನಲ್ಲಿ ಅಡುಗೆಯವನು ಬದಲಾದ ಅಂದಿದ್ದೆ, ಹೊಸಬ ಪರವಾಗಿಲ್ವಾ, ಹೊಟ್ಟೆಗೆ ಒಗ್ಗುತ್ತಾ? ಬೆನ್ನು ನೋವು ಕಡಿಮೆ ಆಯ್ತಾ? ಕಿವಿ ಹೇಗಿದೆ? ಹೌದು, ಕಿವಿ ಅಂತಾನೇ ಕೇಳಿದ್ದು. ಎಡಗಿವಿ ಪೂರ್ತಿ ಹೋಗಿದೆಯಂತೆ, ಬಲಗಿವಿ ಅರ್ಧ ಉಳಿದಿದೆಯಂತೆ. ನನಗೆ ಗೊತ್ತಾಗಿ ಇವತ್ತಿಗೆ ಹದಿಮೂರು ದಿನ. ಇಲ್ಲಿ ಎಲ್ಲರೂ ಚೆನ್ನಾಗಿದ್ದೀವಿ, ನನ್ನ ಒಬ್ಬನ ಬಿ.ಪಿ. ಬಿಟ್ಟು. ಅದಕ್ಕೆ ಯಾರು ಕಾರಣ ಅಂತ ಡಾಕ್ಟರಿಗೂ ಹೇಳಿದ್ದೀನಿ.

ನಾನು ಯಾವಾಗಲಿನ ಹಾಗೆ ಫೋನಿಗೇ ಮಾತಾಡ್ತಿದ್ದೀನಿ, ತುಂಡು ತುಂಡಾಗಿ, ಮಧ್ಯೆ ನೀರು ಕುಡಿದು. ಸಂಜೆ ಮಗಳು ಇದನ್ನೆಲ್ಲ ಕೇಳಿ, ಅಕ್ಷರ ಮಾಡಿ ನಿನಗೆ ಕಳಿಸ್ತಾಳೆ. ನನ್ನ ಮಾತನ್ನ ಫೋನೇ ತಾನಾಗಿ ಅಕ್ಷರ ಮಾಡಿ ತೋರಿಸುತ್ತಂತೆ, ಒಂದು ವರ್ಷದಿಂದ ನೀನು ಅದನ್ನೇ ಓದಿಕೊಂಡು ಉತ್ತರ ಕೊಡ್ತಿದ್ದೆಯಂತೆ. ಈ ಸಲ ಅದರ ಕೈಗೆ ಕೊಡಲ್ಲ, ನನ್ನ ಸಿಟ್ಟನ್ನ ಅರ್ಧ ನುಂಗಿಬಿಡುತ್ತೆ. ಬೈಗುಳ ಒಂದೂ ಬಿಡಬೇಡ ಅಂತ ಮಗಳಿಗೆ ತಾಕೀತು ಮಾಡಿದ್ದೀನಿ. ಚಿಕ್ಕಪ್ಪನಿಗೆ ಹೀಗೆಲ್ಲ ಬರೆಯೋಕೆ ನನಗೆ ಕೈ ಬರಲ್ಲಪ್ಪಾ ಅಂದ್ಲು. ಕೈ ಬರದಿದ್ರೆ ಕಾಲಲ್ಲಿ ಬರಿ ಅಂದೆ. ಮಗಳೇ, ಇದನ್ನೂ ಬರಿ.

ಎಲ್ಲಿಂದ ಶುರು ಮಾಡ್ಲಿ? ನಮ್ಮ ಮನೆಯ ರೋಗದಿಂದಲೇ ಶುರು ಮಾಡ್ತೀನಿ. ಲೋಕದಲ್ಲಿ ಎಲ್ಲರೂ ಕಣ್ಣಲ್ಲಿ ನೋಡಿ ಗಾಡಿ ತಗೊಂಡ್ರೆ ನಾವು ಮಾತ್ರ ಕಿವಿಯಲ್ಲಿ ಕೇಳಿ ತಗೊಳ್ಳೋರು. ಅಪ್ಪ ಬಸ್ ಡಿಪೋದಲ್ಲಿ ಸ್ಕ್ರೂಡ್ರೈವರ್ ತುದಿಯನ್ನ ಇಂಜಿನ್ನಿಗೆ ಒತ್ತಿ, ಹಿಡಿಯನ್ನ ಕಿವಿಗೆ ಕೊಟ್ಟು, ಕಣ್ಣು ಮುಚ್ಚಿ ನಿಂತ್ರೆ ಡ್ರೈವರುಗಳೆಲ್ಲ ಉಸಿರು ಬಿಗಿಹಿಡಿದು ನಿಲ್ತಿದ್ರು. ಆ ಕಿವಿ ನಿನಗೆ ಬಂತು. ನನಗೆ ಬಂದಿದ್ದು ಸುತ್ತಿಗೆ. ಬೀದಿಯಲ್ಲಿ ಹೋಗೋ ಸ್ಕೂಟರಿನ ಸದ್ದು ಕೇಳಿಯೇ ಇದರ ಕ್ಲಚ್ ಪ್ಲೇಟು ಇನ್ನೊಂದು ವಾರ ಅಂತಿದ್ದೆ ನೀನು, ಸರಿಯಾಗಿ ಒಂದು ವಾರಕ್ಕೆ ಆ ಸ್ಕೂಟರಿನವನು ತಳ್ಳಿಕೊಂಡು ಬರ್ತಿದ್ದ. ಓಣಿಯವರೆಲ್ಲ ನಿನ್ನನ್ನ ಡಾಕ್ಟ್ರೇ ಅಂತ ಕರೆದದ್ದು ಸುಮ್ಮನೆ ಅಲ್ಲ. ಡಾಕ್ಟ್ರು ಹೂಂ ಅನ್ನದೆ ನಮ್ಮ ಮನೆಗೆ ಒಂದು ಮೋಟಾರು ಪಂಪೂ ಬರಬಾರದು. ಈ ಕಟ್ಟಳೆ ಮಾಡಿದ್ದು ನಾನೇ. ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ!

ಬೇರೆಯವರ ಗಾಡಿಗಳ ಕೆಳಗೆ ಮಲಗಿ ಮಲಗಿ ಇಷ್ಟು ವಯಸ್ಸಾಯ್ತು, ಇನ್ನು ನಮ್ಮದು ಅಂತ ಒಂದಿರಲಿ ಅಂದವನು ನೀನು. ಹೋದ ಸಲ ರಜೆಗೆ ಬಂದಾಗ, ಇದೇ ಬೆಂಚಿನ ಮೇಲೆ ಕೂತು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದೆ. ಚಿಕ್ಕದಿರಬೇಕು, ಎರಡೇ ಬಾಗಿಲು. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ದೂರ ಕಡಿಮೆ ಇರಬೇಕು, ಇಲ್ದಿದ್ರೆ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಗುಲಿ ತೂಗಾಡುತ್ತೆ. ಹಗುರ ಇರಬೇಕು, ಕೆಸರಿಗೆ ಬಿದ್ರೆ ನಾವಿಬ್ಬರೇ ಎತ್ತೋ ಹಾಗೆ. ನಾಲ್ಕೂ ಚಕ್ರ ಎಳೆಯೋ ಫೋರ್ ವೀಲಿಗೆ ಬೇರೆ ಲಿವರ್, ಅದರಲ್ಲಿ ಲೋ ಗೇರ್ ಕಡ್ಡಾಯ. ಒಳಗೆ ಏಸಿ, ಹಾಡು, ದಿಂಬು ಯಾವುದೂ ಬೇಡ. ಹಳೆಯದು ತಗೊಂಡು, ಬಿಚ್ಚಿ, ನಾವೇ ಕಟ್ಟಿ, ಊರಾಚೆಯ ಕಲ್ಲು ಕ್ವಾರಿಯ ದಾರಿಯಲ್ಲಿ ಮೇಲಿನ ಕೆರೆ ತನಕ ಹತ್ತಿಸೋದು. ತಗಡು, ಅಡಿಯ ಚಾಸಿ ನಿನ್ನದು, ಇಂಜಿನ್ ನನ್ನದು ಅಂದೆ. ನೀನು ಹೋಗಿ ನೋಡು, ಸದ್ದು ಕಳಿಸು, ನಾನು ಕೇಳ್ತೀನಿ ಅಂದೆ. ಕೇಳ್ತೀನಿ ಅಂದೆಯಲ್ಲೋ, ಆಗಲೇ ನಿನ್ನ ಎಡಗಿವಿ ಹೋಗಿತ್ತಂತೆ!

ಏಳು ತಿಂಗಳು. ಒಂಬತ್ತು ಗಾಡಿ. ಪ್ರತಿ ಭಾನುವಾರ ಷೆಡ್ಡಿಗೆ ಬೀಗ ಹಾಕಿ, ಆ ದಲ್ಲಾಳಿಯ ಹಿಂದೆ ತಿರುಗಿದ್ದೀನಿ. ಅವನ ಹೆಸರೇ ಮರೆತುಹೋಗಿದೆ, ಎಲ್ಲರೂ ಅವನನ್ನ ಗ್ಯಾರಂಟಿ ಅಂತಾರೆ. ಬಾಗಿಲು ಕೈಗೆ ಕಿತ್ತು ಬಂದ್ರೂ ಗ್ಯಾರಂಟಿ ಸಾರ್ ಅಂತಾನೆ. ಮೊದಲನೇ ಗಾಡಿಯ ಅಡಿಯಲ್ಲಿ ಪಳಪಳ ಅನ್ನೋ ಕರಿ ಬಣ್ಣ. ಇಪ್ಪತ್ತು ವರ್ಷದ ಗಾಡಿಯ ಹೊಟ್ಟೆಗೆ ಹೊಸ ಬಣ್ಣ ಯಾಕಯ್ಯಾ ಅಂದ್ರೆ, ಮಾಲೀಕರಿಗೆ ಶುಚಿ ಜಾಸ್ತಿ ಸಾರ್ ಅಂದ. ಉಳಿಯ ತುದಿಯಿಂದ ಚುಚ್ಚಿದೆ, ಬಿಸ್ಕತ್ತಿನ ಹಾಗೆ ಉದುರಿತು. ಅಷ್ಟಾದ್ರೂ ನಿನಗೆ ಸದ್ದು ಕಳಿಸಿದೆ, ನಿಯಮ ಅಂದ್ರೆ ನಿಯಮ. ಬೇಡ ಅಂದೆ ನೀನು. ನೋಡು, ಸಾವಿರಾರು ಮೈಲಿ ಆಚೆಯಿಂದಲೇ ಕಂಡುಹಿಡಿದ ಅಂತ ನಿನ್ನ ಅತ್ತಿಗೆ ಮುಂದೆ ಕೊಚ್ಚಿಕೊಂಡೆ.

ನಾಲ್ಕನೆಯದು ದನದ ಡಾಕ್ಟರದ್ದು. ಅದನ್ನ ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ. ಹದಿನೆಂಟು ವರ್ಷ ಆ ಮನುಷ್ಯ ಅದರಲ್ಲೇ ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆಲ್ಲ ಹೋಗಿ ಬಂದವರು. ಆಯಿಲ್ ಬದಲಾಯಿಸಿದ ದಿನ, ಚಕ್ರದ ಹಬ್ಬಿಗೆ ಗ್ರೀಸ್ ತುಂಬಿದ ದಿನ ಎಲ್ಲ ಒಂದು ನೋಟು ಪುಸ್ತಕದಲ್ಲಿ ಬರೆದಿಟ್ಟಿದ್ರು. ಮೈ ತುಂಬ ಅಯಸ್ಕಾಂತ ಓಡಿಸಿದೆ, ಎಲ್ಲೂ ತೂತು ಮುಚ್ಚಿದ ಪುಟ್ಟಿ ಇಲ್ಲ. ಅಡಿಯಲ್ಲಿ ಅಂಗಾತ ಮಲಗಿ ಅರ್ಧ ಗಂಟೆ ನೋಡಿದೆ, ಎಲ್ಲೂ ವೆಲ್ಡಿಂಗ್ ಗುರುತಿಲ್ಲ. ಲೋ ಗೇರ್ ಬೆಣ್ಣೆಯ ಹಾಗೆ ಕೂತಿತು. ಡಾಕ್ಟರು ಕೇಳಿದ್ದು ಒಂದೇ, ಇದನ್ನ ಯಾರು ಓಡಿಸ್ತೀರಿ ಅಂತ. ನಾನು, ನನ್ನ ತಮ್ಮ ಅಂದೆ. ಹಾಗಾದ್ರೆ ಕೊಡ್ತೀನಿ ಅಂದ್ರು. ಅವರ ಎದುರೇ ಸದ್ದು ಹಿಡಿದು ನಿನಗೆ ಕಳಿಸಿದೆ. ಹಿಂದಿನ ಆಕ್ಸಲ್ ಕೂಗ್ತಿದೆ, ಬಿಟ್ಬಿಡು ಅಣ್ಣ ಅಂದೆ ನೀನು. ನಾನು ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದೆ. ಈಗ ಅದು ಯಾರೋ ಗುತ್ತಿಗೆದಾರನ ಪಾಲಾಗಿದೆ. ಹಿಂಭಾಗ ಕೊಯ್ದು ನೀರಿನ ಟ್ಯಾಂಕ್ ಕೂರಿಸಿದ್ದಾನೆ. ದಿನಾ ಬೆಳಿಗ್ಗೆ ನನ್ನ ಷೆಡ್ಡಿನ ಮುಂದೆಯೇ ಹೋಗುತ್ತೆ. ಆಕ್ಸಲ್ ಕೂಗಲ್ಲ ಕಣೋ. ನಾನು ಕಿವಿ ಕೊಟ್ಟು ಕೇಳಿದ್ದೀನಿ, ನನ್ನ ಈ ದರಿದ್ರ ಕಿವಿಗೂ ಗೊತ್ತಾಗುತ್ತೆ, ಕೂಗಲ್ಲ.

ಆಮೇಲಿನವಕ್ಕೆ ನೀನು ಏನೇನು ಕಾರಣ ಕೊಟ್ಟೆ! ಟೈಮಿಂಗ್ ಚೈನ್, ಗೇರ್ ಬಾಕ್ಸ್, ಪಂಪು, ಬೇರಿಂಗ್. ಗ್ಯಾರಂಟಿ ಒಂದಿನ ಕೇಳಿಯೇ ಬಿಟ್ಟ, ಸಾರ್, ನಿಮ್ಮ ತಮ್ಮನಿಗೆ ಗಾಡಿ ಬೇಕೋ ಹೆಣ್ಣು ಬೇಕೋ ಅಂತ. ಕಪಾಳಕ್ಕೆ ಬಿಡೋಣ ಅನ್ನಿಸಿತು. ನಿನ್ನ ಮಾನಕ್ಕೋಸ್ಕರ ಅವನ ಜೊತೆ ಎರಡು ವಾರ ಮಾತು ಬಿಟ್ಟಿದ್ದೆ ಗೊತ್ತಾ?

ಒಂಬತ್ತನೆಯ ಗಾಡಿ ನೋಡಿದ ದಿನ ಏನಾಯ್ತು ಅಂದ್ರೆ, ನಿನ್ನ ಅತ್ತಿಗೆಯ ವಾಷಿಂಗ್ ಮೆಷಿನ್ ಗಡಗಡ ಅಂತಿತ್ತು. ರಿಪೇರಿಯವನು ಸದ್ದು ಕಳಿಸಿ ಅಂದಿದ್ದ, ಅದನ್ನೂ ನನ್ನ ಫೋನಲ್ಲೇ ಹಿಡಿದಿದ್ದೆ. ಕಳಿಸೋವಾಗ ಅದಲು ಬದಲಾಯ್ತು. ಗಾಡಿಯ ಸದ್ದು ಅವನಿಗೆ ಹೋಯ್ತು, ಬಟ್ಟೆ ಒಗೆಯೋ ಸದ್ದು ನಿನಗೆ ಬಂತು. ಅವನು ತಕ್ಷಣ ನಿನ್ನ ಅತ್ತಿಗೆಗೆ ಫೋನ್ ಮಾಡಿ, ಮೇಡಂ, ನಿಮ್ಮ ಮೆಷಿನ್ನು ಡೀಸೆಲ್ಲಿನಲ್ಲಿ ಓಡುತ್ತಾ ಅಂತ ಕೇಳಿದ. ನೀನು ಹತ್ತು ನಿಮಿಷ ಬಿಟ್ಟು, ಗೇರ್ ಬಾಕ್ಸಿನ ಬೇರಿಂಗ್ ಹೋಗಿದೆ, ಮುಟ್ಟಬೇಡ ಅಂತ ಬರೆದೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಓಣಿಗೆಲ್ಲ ಹೇಳಿಕೊಂಡು ಬಂದೆ, ಡಾಕ್ಟ್ರು ವಾಷಿಂಗ್ ಮೆಷಿನ್ನಿನ ಗೇರ್ ಬಾಕ್ಸ್ ಕಂಡುಹಿಡಿದ್ರು ಅಂತ. ನಕ್ಕು ಮುಗಿದ ಮೇಲೆ ಷೆಡ್ಡಿಗೆ ಬಂದು ಕೂತೆ. ನಗು ನಿಂತುಹೋಯ್ತು. ಗ್ರೈಂಡರು, ಫ್ಯಾನು ಎಲ್ಲ ಆರಿಸಿ, ಫೋನನ್ನ ಮೇಜಿನ ಮೇಲೆ ಇಟ್ಟು, ಬಾಯಿ ಮುಚ್ಚಿಕೊಂಡು ಒಂದು ನಿಮಿಷ ಖಾಲಿ ಷೆಡ್ಡನ್ನೇ ಹಿಡಿದು ಕಳಿಸಿದೆ. ಇನ್ನೊಂದು ಗಾಡಿ, ಹೇಗಿದೆ ನೋಡು ಅಂದೆ. ಇಂಜಿನ್ನಿನ ಟ್ಯಾಪೆಟ್ ಸದ್ದು ಜಾಸ್ತಿ, ಬಿಟ್ಬಿಡು ಅಣ್ಣ ಅಂದೆ ನೀನು.

ಅಲ್ಲಿದ್ದದ್ದು ನಾನೊಬ್ಬನೇ ಕಣೋ.

ನಿನ್ನ ಹೆಂಡತಿಗೆ ಫೋನ್ ಮಾಡಿದೆ. ಅವಳನ್ನ ಬೈಯಬೇಡ, ನಾನೇ ಸಾಕಷ್ಟು ಬೈದಿದ್ದೀನಿ, ಅವಳು ಭಾವ ಭಾವ ಅಂತ ಅತ್ತು ಎಲ್ಲ ಹೇಳಿದಳು. ಎಷ್ಟೋ ವರ್ಷ ಇಂಜಿನ್ ರೂಮಿನಲ್ಲಿ ಕಿವಿಗೆ ಮುಚ್ಚಳ ಹಾಕದೆ ನಿಂತಿದ್ದಕ್ಕೆ ಹೀಗಾಯ್ತಂತೆ. ಮುಚ್ಚಳ ಹಾಕಿದ್ರೆ ಇಂಜಿನ್ ಏನು ಹೇಳುತ್ತೆ ಅಂತ ತಿಳಿಯಲ್ಲ ಅಂತಿದ್ದೆಯಂತೆ. ಯಾರ ಮಗ ಅಂತ ಕೇಳಬೇಕಾಗಿಲ್ಲ. ಅದೂ ಹೋಗ್ಲಿ. ಹೋದ ತಿಂಗಳು ಇಂಜಿನ್ ರೂಮಿನಲ್ಲಿ ಅಪಾಯದ ಅಲಾರಂ ಹೊಡೆದು ಎಲ್ಲರೂ ಮೇಲಕ್ಕೆ ಓಡಿದ್ರಂತೆ, ನೀನು ಮಾತ್ರ ಪಂಪಿನ ಹಿಂದೆ ಕೂತು ಬೋಲ್ಟು ಬಿಗಿ ಮಾಡ್ತಿದ್ದೆಯಂತೆ. ಜೊತೆಯವನು ತಲೆ ಎಣಿಸಿ, ವಾಪಸ್ ಇಳಿದು ಬಂದು, ಕಾಲರ್ ಹಿಡಿದು ಎಳ್ಕೊಂಡು ಹೋದನಂತೆ. ತೂಕಡಿಸ್ತಿದ್ದೆ ಅಂತ ಮೇಲಿನವರಿಗೆ ಸುಳ್ಳು ಹೇಳಿದೆಯಂತೆ. ಇನ್ನೊಂದು ಕಾಂಟ್ರಾಕ್ಟ್ ಮುಗಿಸಿ ಇಳಿದುಬಿಡ್ತೀನಿ ಅಂತ ಹೆಂಡತಿಗೆ ಆಣೆ ಬೇರೆ. ಅಲ್ಲಯ್ಯಾ, ಇನ್ನೊಂದು ಸಲ ಅಲಾರಂ ಹೊಡೆದಾಗ ಆ ಜೊತೆಯವನು ಪಾಳಿಯಲ್ಲಿ ಇರದಿದ್ರೆ?

ನಿನಗೆ ಕಿವಿ ಕೇಳಲ್ಲ ಅನ್ನೋದಕ್ಕೆ ನನಗೆ ಸಿಟ್ಟಿಲ್ಲ. ಕಿವಿ ಅಂದ್ಮೇಲೆ ಹೋಗುತ್ತೆ, ನನ್ನ ಹಲ್ಲು ಹೋಗಿಲ್ವಾ. ಆದ್ರೆ ಒಂಬತ್ತು ಸಲ ನನ್ನನ್ನ ಅಂಗಾತ ಮಲಗಿಸಿ ಎಬ್ಬಿಸಿದೆಯಲ್ಲ! ಹೂಂ ಅಂದು ಗಾಡಿ ಕೆಟ್ರೆ ಗುಟ್ಟು ರಟ್ಟಾಗುತ್ತೆ, ಬೇಡ ಅಂದ್ರೆ ಯಾರೂ ಪರೀಕ್ಷೆ ಮಾಡಲ್ಲ, ಅಷ್ಟೇ ತಾನೆ ನಿನ್ನ ಲೆಕ್ಕ? ಡಾಕ್ಟ್ರು ಅನ್ನೋ ಬಿರುದು ಉಳಿಸಿಕೊಳ್ಳೋಕೆ ದನದ ಡಾಕ್ಟರ ಗಾಡಿ ಕಳೆದೆ. ನೀನು ಒಂದೇ ಒಂದು ಸಾಲು, ಅಣ್ಣಾ, ನನಗೆ ಕೇಳಿಸ್ತಿಲ್ಲ ಅಂತ ಬರೆದಿದ್ರೆ ನಾನು ನಗ್ತಿದ್ದೆನಾ? ಊರಿಗೆಲ್ಲ ಡಂಗುರ ಹೊಡೀತಿದ್ದೆನಾ? ಸರಿ, ವಾಷಿಂಗ್ ಮೆಷಿನ್ ವಿಷಯ ಡಂಗುರ ಹೊಡೆದೆ. ಅದು ಗೊತ್ತಿಲ್ಲದೆ ಆದದ್ದು, ಅದಕ್ಕೆ ನನ್ನ ಮೇಲೆಯೇ ನನಗೆ ಬಂದಿರೋ ಸಿಟ್ಟು ಬೇರೆ ಇದೆ. ಈಗ ಓಣಿಯವರು ಡಾಕ್ಟ್ರು ಹೇಗಿದ್ದಾರೆ ಅಂತ ನಕ್ಕೊಂಡು ಕೇಳಿದಾಗ ಏನು ಹೇಳಲಿ, ನೀನೇ ಹೇಳು.

ಇನ್ನು ಸುದ್ದಿ. ಗಾಡಿ ತಗೊಂಡೆ. ಹೋದ ಭಾನುವಾರ. ನಿನ್ನನ್ನ ಕೇಳಲಿಲ್ಲ, ಸದ್ದು ಕಳಿಸಲಿಲ್ಲ, ಕಳಿಸೋಕೆ ಸದ್ದೇ ಇಲ್ಲ. ಇಂಜಿನ್ ಜಾಮ್ ಆಗಿ ಆರು ವರ್ಷ ಆಗಿದೆ, ಮರದ ಮಿಲ್ಲಿನ ಹಿಂದೆ ತಗಡಿನ ಕೆಳಗೆ ನಿಂತಿತ್ತು. ಕೀಲಿ ತಿರುಗಿಸಿದ್ರೆ ಟಕ್ ಅಂತಾನೂ ಅನ್ನಲ್ಲ. ಗ್ಯಾರಂಟಿಗೇ ಈ ಸಲ ಗ್ಯಾರಂಟಿ ಅನ್ನೋಕೆ ನಾಚಿಕೆ ಆಯ್ತು. ಮಿಲ್ಲಿನ ಮೇಸ್ತ್ರಿ, ಓಡದ ಗಾಡಿಯನ್ನ ಇಷ್ಟು ಹೊತ್ತು ಏನು ನೋಡ್ತೀರಿ ಅಂದ. ನಾನು ಸುತ್ತಿಗೆ ತಗೊಂಡು ಚಾಸಿಯನ್ನ ಒಂದೊಂದು ಗೇಣಿಗೆ ತಟ್ಟಿದೆ, ದಾರ ಕಟ್ಟಿ ಎರಡು ಮೂಲೆ ಅಳೆದೆ, ಕೂದಲೆಳೆಯಷ್ಟೂ ಸೊಟ್ಟ ಇಲ್ಲ. ನಾಲ್ಕು ಜನ ಸೇರಿ ತಳ್ಳಿದ್ರು, ನಾನು ಫೋರ್ ವೀಲಿನ ಲಿವರ್ ಎಳೆದೆ, ಮುಂದಿನ ಚಕ್ರಕ್ಕೆ ಹಿಡಿಯಿತು. ಇಷ್ಟು ದಿನ ನಾವು ತಲೆಕೆಳಗಾಗಿ ಹುಡುಕಿದ್ದು ಅನ್ನೋದು ಅಲ್ಲಿ ಹೊಳೀತು. ಕಲ್ಲು ಹತ್ತೋ ಗಾಡಿಗೆ ಬೆನ್ನು ಮೂಳೆ ಮುಖ್ಯ. ಇಂಜಿನ್ ಇನ್ನೊಂದು ತಂದು ಕೂರಿಸಬಹುದು, ತುಕ್ಕು ತಿಂದ ಚಾಸಿಯನ್ನ ಯಾವ ಕಿವಿಯೂ ವಾಸಿ ಮಾಡಲ್ಲ. ಅಪ್ಪ ಇದ್ದಿದ್ರೆ ಸದ್ದಿಲ್ಲದ ಗಾಡಿ ತಂದೆ ಅಂತ ನನ್ನನ್ನ ಮನೆಯಿಂದ ಆಚೆ ಹಾಕ್ತಿದ್ರು.

ಇಂಜಿನ್ ಇಳಿಸಿದ್ದೀನಿ, ಬಿಚ್ಚಿಲ್ಲ. ಬಿಚ್ಚೋದು ನನ್ನ ಕೆಲಸ ಅಲ್ಲ. ಪಿಸ್ಟನ್ ಎಲ್ಲಿ ಕಚ್ಚಿಕೊಂಡಿದೆ ಅಂತ ಬೆರಳಲ್ಲಿ ನೋಡಬೇಕಂತೆ, ನನ್ನ ಬೆರಳುಗಳೆಲ್ಲ ಕಿಡಿ ಬಿದ್ದು ಮರಗಟ್ಟಿವೆ. ನಿನ್ನ ಹತ್ತು ಬೆರಳೂ ಸರಿಯಾಗಿವೆ ತಾನೆ? ಅದರಲ್ಲೂ ಏನಾದ್ರೂ ಮುಚ್ಚಿಟ್ಟಿದ್ರೆ ಈಗಲೇ ಹೇಳಿಬಿಡು.

ಮೈ ಜೋಪಾನ. ಕಿವಿಗೆ ಇವತ್ತಿನಿಂದಲೇ ಮುಚ್ಚಳ ಹಾಕು, ಉಳಿದ ಅರ್ಧವಾದ್ರೂ ಉಳಿಯಲಿ. ನಿನ್ನ ಅತ್ತಿಗೆ ಕ್ಷೇಮ ವಿಚಾರಿಸಿದೆ ಅಂತ ಹೇಳು ಅಂದಿದ್ದಾಳೆ, ನನ್ನಷ್ಟು ಸಿಟ್ಟು ಅವಳಿಗಿಲ್ಲ. ಇದನ್ನ ಬರೆದವಳು ಚಿಕ್ಕಪ್ಪನಿಗೆ ನಮಸ್ಕಾರ ಅಂತಾಳೆ, ಅರ್ಧ ಬೈಗುಳ ಅವಳೇ ನುಂಗಿದ್ದಾಳೆ ಅಂತ ನನಗೆ ಅನುಮಾನ. ಬೈದ್ರೂ ಹರಸೋದು ಅಣ್ಣನ ಪಾಡು. ನೂರು ವರ್ಷ ಬಾಳು, ಕಳ್ಳ.

ನಿನ್ನ ಅಣ್ಣ

ಮತ್ತೆ: ಇದು ಮಗಳು ಬರೆದದ್ದಲ್ಲ, ನಾನೇ ಒಂದು ಬೆರಳಲ್ಲಿ ಒತ್ತುತ್ತಿದ್ದೀನಿ. ತಪ್ಪಿದ್ರೆ ಸರಿ ಮಾಡಿಕೊಂಡು ಓದು. ಶುಕ್ರವಾರ ಷೆಡ್ಡು ಮುಚ್ಚಿ ನಿನ್ನ ಕಂಪನಿಯ ಆಫೀಸಿಗೆ ಹೋಗಿದ್ದೆ. ಕಿವಿ ವಿಷಯ, ಅಲಾರಂ ವಿಷಯ ಎಲ್ಲ ಹೇಳಿ ಸಹಿ ಹಾಕಿ ಬಂದೆ. ಮುಂದಿನ ಬಂದರಿನಲ್ಲಿ ನಿನ್ನನ್ನ ಇಳಿಸಿ ಪರೀಕ್ಷೆ ಮಾಡಿಸ್ತಾರಂತೆ. ಆಮೇಲೆ ಇಂಜಿನ್ ರೂಮಿಗೆ ಬಿಡಲ್ಲ ಅಂತ ಖಂಡಿತ ಹೇಳಿದ್ರು. ನಿನ್ನ ಹೆಂಡತಿಗೆ ಇದು ಗೊತ್ತಿಲ್ಲ, ಮಾಡಿದ್ದು ನಾನೊಬ್ಬನೇ. ನಿನ್ನ ಅನ್ನ ಕಿತ್ತುಕೊಂಡೆ ಅಂತ ನನ್ನ ಜೊತೆ ಮಾತು ಬಿಡ್ತೀಯ, ಬಿಡು. ದಡದ ಮೇಲೆ ನಿಂತು ಬಿಡು.