ನನ್ನ ಭಯ, ನಿನ್ನ ಅರ್ಜಿ

ಶ್ರೀನಗರ, ಬೆಂಗಳೂರು
೧೯ ಜನವರಿ ೨೦೨೫

ಪ್ರೀತಿಯ ಸೌಮ್ಯ,

ಫೋನಿನಲ್ಲಿ ನಿನ್ನ ದನಿ ಕೇಳಿದರೆ ಎಲ್ಲಕ್ಕೂ ಹೂಂ ಎಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆನಡಾದಲ್ಲಿ ಆಶ್ರಯ ಕೇಳಿ ಅರ್ಜಿ ಹಾಕಿದ್ದೀಯ, ಸಾಕ್ಷಿಗೆ ನನ್ನದೊಂದು ಪತ್ರ ಬೇಕು ಎಂದೆ ನೀನು. "ಕೆಲ್ಸಕ್ಕೆ ಬಂದೆ ಅಂದ್ರೆ ವಾಪಸ್ ಕಳಿಸ್ತಾರೆ ಕಣೇ. ಜೀವಭಯ ಅಂದ್ರೇನೇ ಇರಿಸ್ಕೊಳ್ಳೋದು" ಎಂದೆ. ಬೊಮ್ಮನಹಳ್ಳಿಯ ನಮ್ಮ ಗಾರ್ಮೆಂಟ್ಸ್ ಮುಚ್ಚಿದ ಮೇಲೆ ನೀನು ಎಂಟು ತಿಂಗಳು ಕೆಲಸಕ್ಕಾಗಿ ಅಲೆದದ್ದನ್ನು ಕಂಡವಳು ನಾನು. ಅದೂ ಭಯವೇ. ಅದನ್ನೇ ಹೇಳಿಕೊಂಡಿದ್ದರೆ ಹತ್ತು ಪುಟ ಬರೆದುಕೊಡುತ್ತಿದ್ದೆ.

ಆದರೆ ನೀನು ಕಳಿಸಿದ ಹೇಳಿಕೆ ಓದಿದೆ. ಬೇರೆ ಜಾತಿಯವನನ್ನು ಮದುವೆಯಾದದ್ದಕ್ಕೆ ಅಣ್ಣ ಕೋಣೆಯಲ್ಲಿ ಕೂಡಿಹಾಕಿದ್ದು, ಇಸ್ತ್ರಿಪೆಟ್ಟಿಗೆಯಿಂದ ತೋಳು ಸುಟ್ಟದ್ದು, ಹಿತ್ತಲ ಗೋಡೆ ಹಾರಿ ತಿಲಕ್ ನಗರದ ಗೆಳತಿಯ ರೂಮಿಗೆ ಓಡಿದ್ದು. ಆ ಗೆಳತಿ ನೀನು, ಸೌಮ್ಯ. ಓಡಿ ಬಂದವಳು ನಾನು. ಮುಲಾಮು ಹಚ್ಚುತ್ತಾ ನೀನು ಅತ್ತದ್ದನ್ನೂ ನನ್ನ ಹೆಸರಿಗೆ ಬರೆದಿದ್ದೀಯ.

ಯಾರನ್ನು ಮದುವೆಯಾಗಿ ಇಷ್ಟೆಲ್ಲ ಪಟ್ಟೆನೋ ಆ ರೇವಂತ್‌ಗೆ ತೋರಿಸಿದೆ. "ಬರ್ಕೊಡು, ನಿಂಗೇನು ಹೋಗುತ್ತೆ?" ಎಂದರು. ಕೆಂಪು ಕೋಟು ತೊಟ್ಟು ಹಿಮದಲ್ಲಿ ನಿಂತ ನಿನ್ನ ಫೋಟೋವನ್ನು ದೊಡ್ಡದು ಮಾಡಿ ನೋಡಿ, "ಸಖತ್ತಾಗಿದ್ದಾಳೆ" ಎಂದರು. ನನಗೆ ಹೊಟ್ಟೆ ಉರಿಯಿತು. ಮದುವೆಯಾಗಿ ಆರು ವರ್ಷವಾದರೂ ಕೆಳಗೆ ಬೈಕ್ ನಿಂತರೆ ನನ್ನನ್ನು ಕೂಡಿಹಾಕಿದ್ದ ಚಿದಾನಂದಣ್ಣನೇ ಬಂದನೆಂದು ಕಿಟಕಿ ಮುಚ್ಚುತ್ತೇನೆ. ಅಷ್ಟು ಭಯಕ್ಕೆ ನನಗೆ ಸಿಕ್ಕಿದ್ದು ಎರಡನೇ ಮಹಡಿಯ ಈ ಒಂಟಿ ಕೋಣೆ. ಅದೇ ಭಯಕ್ಕೆ ನಿನಗೆ ಒಂದು ದೇಶ ಸಿಗುತ್ತದಂತೆ. ನಿನ್ನ ಬರವಣಿಗೆಯಲ್ಲಿ ಅದು ನಾನು ಹೇಳುವುದಕ್ಕಿಂತ ಚೆನ್ನಾಗಿಯೂ ಬಂದಿದೆ.

ನಿನ್ನ ರೂಮಿನಲ್ಲಿ ಅಡಗಿದ್ದ ಆ ಹನ್ನೊಂದು ದಿನ ನೀನು ಬಾಗಿಲಿಗೆ ಅಡ್ಡ ಮಲಗದಿದ್ದರೆ ನಾನು ಉಳಿಯುತ್ತಿರಲಿಲ್ಲ. ಮರೆತಿಲ್ಲ. ಆದರೂ ಸುಳ್ಳು ಸಾಕ್ಷಿ ಹೇಳಲಾರೆ. ನಿನಗೆ ಕೇಡು ಮಾಡುವವಳೂ ಅಲ್ಲ. ಬೇರೆ ದಾರಿ ಇದೆಯೇ ಎಂದು ನಿನ್ನ ವಕೀಲೆಯನ್ನು ಕೇಳು.

ಬೇಕಾದರೆ ಬೈದುಬಿಡು. ಮಾತು ಮಾತ್ರ ಬಿಡಬೇಡ.

ನಿನ್ನ,
ಜಯದೇವಿ

ತಾ.ಕ.: ವಕೀಲೆಯ ಇ-ಮೇಲ್ ವಿಳಾಸ ನೀನೇ ಕೊಟ್ಟಿದ್ದೆಯಲ್ಲ, ನಿನ್ನೆಯೇ ಅದಕ್ಕೆ ಬರೆದೆ. ಸುಟ್ಟದ್ದು ನನ್ನ ತೋಳು ಎಂದು ಫೋಟೋ ಸಮೇತ ತಿಳಿಸಿದ್ದೇನೆ. ಕೊನೆಯಲ್ಲಿ, ನಾನು ಅಲ್ಲಿಗೆ ಬಂದರೆ ನನ್ನ ಅರ್ಜಿ ಒಪ್ಪುತ್ತಾರೆಯೇ ಎಂದೂ ಕೇಳಿದ್ದೇನೆ.